ಸತ್ಯಾಂಶ: ದುಡ್ಡಿಲ್ಲದ್ದರಿಂದ ಹುಟ್ಟಿದ ಶೈಲಿಯಲ್ಲ

ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸನ್ ಅವರಿಗೆ ನಟರಿಗೆ ಕೊಡಲು ದುಡ್ಡಿರಲಿಲ್ಲ, ಹಾಗಾಗಿ ಅಭಿನಯ ಬಾರದವರನ್ನು ಕರೆತಂದು ನಿಲ್ಲಿಸಿದರು, ಅವರ ನಿರ್ವಿಕಾರ ಮುಖವನ್ನೇ ವಿಮರ್ಶಕರು ಅಧ್ಯಾತ್ಮವೆಂದು ಹೊಗಳಿದರು ಎಂಬ ಸಂದೇಶವೊಂದು ಉಡುಪಿಯ ಸಿನಿಮಾಸಕ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ಸರಿಯಲ್ಲ.

1943 ಮತ್ತು 1945ರಲ್ಲಿ ತೆರೆಕಂಡ ಅವರ ಮೊದಲ ಎರಡು ಪೂರ್ಣಪ್ರಮಾಣದ ಕಥಾಚಿತ್ರಗಳಲ್ಲಿ ವೃತ್ತಿನಟರೇ ಇದ್ದರು. ಅವರನ್ನು ಬ್ರೆಸ್ಸನ್ ಆಮೇಲೆ ಬೇಕೆಂದೇ ಬಿಟ್ಟರು. ತಮ್ಮ ಪಾತ್ರಧಾರಿಗಳನ್ನು ಅವರು ‘ಮಾದರಿಗಳು’ ಎಂದು ಕರೆದರು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸಿ, ಮಾತಿನಿಂದಲೂ ಮುಖದಿಂದಲೂ ನಟನೆ ಕಳಚಿ ಬೀಳುವವರೆಗೆ ಕಾಯುತ್ತಿದ್ದರು. 1975ರಲ್ಲಿ ಪ್ರಕಟವಾದ ಅವರ ಟಿಪ್ಪಣಿಗಳ ಪುಸ್ತಕದಲ್ಲಿ ಈ ನಿಲುವು ಸ್ಪಷ್ಟವಾಗಿದೆ. ಯಕ್ಷಗಾನದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಗಂಟೆಗಟ್ಟಲೆ ಬಣ್ಣ ಹಚ್ಚಿಕೊಂಡು ಬರುವ ವೇಷವನ್ನು, ಚೆಂಡೆಯ ಅಬ್ಬರವನ್ನು ಮೆಚ್ಚುವ ನಮ್ಮ ಕರಾವಳಿಯ ಕಣ್ಣಿಗೆ ಇದು ಬರಡೆನಿಸಿದರೆ ಅಚ್ಚರಿಯೇನಿಲ್ಲ.

ಅಧ್ಯಾತ್ಮವಿರುವುದು ಮುಖದಲ್ಲಲ್ಲ, ಕೆಲಸ ಮಾಡುವ ಕೈಗಳಲ್ಲಿ ಮತ್ತು ಕೇಳಿಸುವ ಸದ್ದುಗಳಲ್ಲಿ ಎಂದು ನನಗೆ ತೋರುತ್ತದೆ. 1957ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟ ‘ಎ ಮ್ಯಾನ್ ಎಸ್ಕೇಪ್ಡ್’ ಚಿತ್ರದಲ್ಲಿ, ಲಿಯಾನ್ ನಗರದ ಸೆರೆಮನೆಯ ಕೈದಿಯೊಬ್ಬ ಚಮಚದ ಹಿಡಿಯನ್ನು ನೆಲಕ್ಕೆ ಉಜ್ಜಿ ಹರಿತಗೊಳಿಸಿ, ಬಾಗಿಲಿನ ಹಲಗೆಗಳ ಸಂದನ್ನು ತಾಳ್ಮೆಯಿಂದ ಕೆರೆಯುತ್ತಾನೆ. ಹೊರಗಿನ ಲೋಕ ಬಹುಪಾಲು ಸದ್ದಾಗಿಯೇ ಒಳಬರುತ್ತದೆ. ಸ್ವತಃ ಯುದ್ಧಕೈದಿಯಾಗಿದ್ದ ಬ್ರೆಸ್ಸನ್, ಕೈದಿಗಳು ಮಲದ ಬಕೆಟ್ ಖಾಲಿ ಮಾಡಲು ಅಂಗಳಕ್ಕೆ ಸಾಲಾಗಿ ಇಳಿಯುವ ಹೊತ್ತಿಗೆ ಮೊಜಾರ್ಟ್‌ನ ಚರ್ಚ್ ಸಂಗೀತವನ್ನು ಕೇಳಿಸುತ್ತಾರೆ.