ಭೂಶಾಖದ ಕರೆಂಟಿಗೆ ಹೊರದೇಶದವರ ನೆರವು ಬೇಕೇ?

ಪರ: ಶಿವನಸಮುದ್ರ ಮರೆತುಹೋಯಿತಾ? (ಮೈಸೂರು)

ಭೂಶಾಖದಿಂದ, ಅಂದರೆ ನೆಲದೊಳಗಿನ ಬಿಸಿಯಿಂದ, ಕರೆಂಟು ತೆಗೆಯಲು ಹೊರಗಿನವರ ನೆರವು ಕೇಳಿದರೆ ಮಾನ ಹೋಗುತ್ತದೆ ಅನ್ನುವವರು ಒಮ್ಮೆ ಶಿವನಸಮುದ್ರಕ್ಕೆ ಹೋಗಿ ಬರಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಜನರೇಟರ್ ಅಮೆರಿಕದ್ದು, ಟರ್ಬೈನ್ ಸ್ವಿಟ್ಜರ್ಲೆಂಡಿನದು, ನೀರು ನಮ್ಮ ಕಾವೇರಿಯದು. ಮೈಸೂರು ಸಂಸ್ಥಾನದ ಮಾನಕ್ಕೇನೂ ಆಗಲಿಲ್ಲ. 1905ಕ್ಕೆ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು.

ಈಗ ಲಡಾಖಿನ ಪುಗಾ ಕಣಿವೆಯದೂ ಅದೇ ಕಥೆ. 4,400 ಮೀಟರ್ ಎತ್ತರದಲ್ಲಿ ನೆಲದಿಂದ ಹಬೆ ಏಳುತ್ತದೆ. 2021ರಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಅಲ್ಲಿ 1 ಮೆಗಾವಾಟ್ ಸ್ಥಾವರಕ್ಕೆ ಒಪ್ಪಂದ ಮಾಡಿಕೊಂಡಿತು, ಐಸ್‌ಲ್ಯಾಂಡಿನ ತಜ್ಞರನ್ನು ಜೊತೆಗೆ ಸೇರಿಸಿಕೊಂಡಿತು. ತಪ್ಪೇನು? ಎಣ್ಣೆ ಬಾವಿ ಕೊರೆಯುವುದು ಒಎನ್‌ಜಿಸಿಗೆ ಗೊತ್ತು. ಆದರೆ ಬಂಡೆಯೊಳಗಿನ ಬಿಸಿನೀರಿನ ಗುಣವೇ ಬೇರೆ. ಅದರಲ್ಲಿ ಸಿಲಿಕಾ ಕರಗಿರುತ್ತದೆ. ತಣ್ಣಗಾದರೆ ಪೈಪಿನೊಳಗೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಶಾಖ ತೆಗೆದ ನೀರನ್ನು ಎಲ್ಲಿ ವಾಪಸ್ ನೆಲಕ್ಕೆ ಇಳಿಸಬೇಕು ಅನ್ನುವುದು ಮಾಡಿ ನೋಡಿದವರಿಗೇ ಗೊತ್ತು.

1979ರಿಂದ ಐಸ್‌ಲ್ಯಾಂಡ್ ಬೇರೆ ದೇಶಗಳ ಎಂಜಿನಿಯರುಗಳಿಗೆ ಇದನ್ನು ಕಲಿಸುತ್ತಿದೆ. ಅಲ್ಲಿ ಕಲಿತವರಲ್ಲಿ ಕೀನ್ಯಾದವರೂ ಇದ್ದಾರೆ. 1981ರಲ್ಲಿ ಅವರ ಒಲ್ಕಾರಿಯಾದಲ್ಲಿ ಮೊದಲ ಘಟಕ ಶುರುವಾಯಿತು. ಇವತ್ತು ಆ ದೇಶದ ಕರೆಂಟಿನಲ್ಲಿ ಸುಮಾರು ಶೇ 40 ಭೂಶಾಖದ್ದೇ. ಬಾವಿ ಬರಿದಾದರೆ ಏನು ಗತಿ ಅನ್ನುವ ಭಯವೂ ಬೇಡ. ಪೂರ್ವ ಆಫ್ರಿಕಾದಲ್ಲಿ ಕೊರೆಯುವ ಖರ್ಚಿನ ಒಂದು ಪಾಲು ಕೊಡಲೆಂದೇ ನಿಧಿ ಇದೆ, ಅಂಥದ್ದನ್ನು ನಾವೂ ಮಾಡಿಕೊಳ್ಳಬಹುದು. ಸಂಜೆಯಾದರೆ ಸೋಲಾರ್ ನಿಲ್ಲುತ್ತದೆ, ಭೂಶಾಖ ನಿಲ್ಲುವುದಿಲ್ಲ. ಶಿವನಸಮುದ್ರದಲ್ಲಿ ಆದದ್ದು ಪುಗಾದಲ್ಲಿ ಯಾಕಾಗಬಾರದು?

ವಿರೋಧ: ಮೊದಲು ಅಡಿ ಲೆಕ್ಕ ಹೇಳಿ (ಮಂಡ್ಯ)

ವಿರೋಧ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಐಸ್‌ಲ್ಯಾಂಡಿನವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಶಿವನಸಮುದ್ರದಲ್ಲಿ ನೀರು ಕಣ್ಣೆದುರೇ ಧುಮುಕುತ್ತಿತ್ತು. ಭೂಶಾಖ ಎಷ್ಟಿದೆ ಅನ್ನುವುದು ಕೊರೆದ ಮೇಲೇ ಗೊತ್ತಾಗುವುದು, ಅಲ್ವಾ?

ಕೊರೆಸುವ ಕಷ್ಟ ನಮ್ಮನ್ನು ಕೇಳಿ. ನಾಲೆ ನೀರು ಹತ್ತದ ನಮ್ಮ ಮಾವನ ಹೊಲದಲ್ಲಿ ಬೋರ್ ಹಾಕಿಸಿದೆವು. ಪಾಯಿಂಟ್ ನೋಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ತಿರುಗಿದರು. ಒಂದು ಕಡೆ ಕಾಯಿ ಎದ್ದು ನಿಂತಿತು. ರಾತ್ರಿ ಲಾರಿ ಬಂತು. ಅಡಿಗಿಷ್ಟು ಅಂತ ರೇಟು, ಕೇಸಿಂಗ್ ಪೈಪಿಗೆ ಬೇರೆ. 300 ಅಡಿಗೆ ಒಂಚೂರು ಹಸಿ ಮಣ್ಣು ಬಂತು. ಮಾವ ಕೈ ಮುಗಿದರು. ಆಮೇಲೆ ಬರೀ ಬಿಳಿ ದೂಳು. ಅತ್ತೆ ಒಣಹಾಕಿದ್ದ ರಾಗಿಯ ಮೇಲೆಲ್ಲ ಅದೇ ಕೂತಿತ್ತು. ‘ಇನ್ನೊಂದು ನೂರಡಿ ನೋಡೇಬುಡೋಣ ಗೌಡ್ರೇ’ ಅನ್ನುತ್ತಲೇ ಇಳಿಸಿದರು. ಬೆಳಿಗ್ಗೆ ದುಡ್ಡು ಎಣಿಸಿಕೊಂಡು ಲಾರಿ ಹೊರಟಿತು. ನೀರು ಬರಲಿ ಬಿಡಲಿ, ಅವರ ಅಡಿ ಲೆಕ್ಕ ಮಾತ್ರ ಪಕ್ಕಾ. ಸಾಲ ತೀರಿಸಲು ಮಾವ ಹಸು ಮಾರಿದರು.

ಪುಗಾದಲ್ಲೂ 2022ರಲ್ಲಿ ಕೊರೆಯುವಾಗ ಬಿಸಿನೀರು ಉಕ್ಕಿ ಪಕ್ಕದ ಹಳ್ಳಕ್ಕೆ ಹರಿಯಿತು. ಆ ಸೀಮೆಯಲ್ಲಿ ಮೇಯುವುದು ಚಾಂಗ್‌ಪಾ ಅನ್ನುವ ಅಲೆಮಾರಿ ಪಶುಪಾಲಕರ ಪಶ್ಮೀನಾ ಮೇಕೆಗಳು. ತಜ್ಞರು ವಿಮಾನ ಹತ್ತಿ ಹೋಗುತ್ತಾರೆ, ಮೇಕೆ ಎಲ್ಲಿಗೆ ಹೋಗಬೇಕು?

ರಾತ್ರಿ ಕರೆಂಟಂತೆ! ನಮ್ಮ ಪಂಪ್‌ಸೆಟ್ಟಿಗೆ ರಾತ್ರಿ ಹೊತ್ತು ಕೊಟ್ಟೂ ಕೊಟ್ಟೂ ಹಾವು ಚೇಳಿನ ನಡುವೆ ಗದ್ದೆಗೆ ನೀರು ಕಟ್ಟಿಸುತ್ತಿದ್ದಾರೆ. ನಮಗೆ ಬೇಕಾದದ್ದು ಹಗಲಿನ ಕರೆಂಟು. ಅದಕ್ಕೆ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ. ಇನ್ನು ನಮ್ಮ ರಾಜ್ಯದ ಬಿಸಿನೀರಿನ ಬುಗ್ಗೆ ಎಂದರೆ ಪುತ್ತೂರು ತಾಲ್ಲೂಕಿನ ಬೆಂದ್ರ್ ತೀರ್ಥ. ಸ್ನಾನಕ್ಕೆ ಚೆನ್ನ.

ನಿಧಿ ಇದೆಯಂತೆ, ಇರಲಿ. ಅದರಿಂದ ದುಡ್ಡು ಎಣಿಸಿಕೊಳ್ಳುವವರು ಯಾರು, ಹಳ್ಳ ಕೆಟ್ಟರೆ ಸರಿಮಾಡಿಸುವವರು ಯಾರು? ಒಪ್ಪಂದದಲ್ಲೇ ಬರೆಯಲಿ. ಬರೆದರೆ ಮುಂದಿನ ಸಲ ‘ಪರ’ದ ಕಡೆ ನಾನೇ ಬರೆದುಕೊಡುತ್ತೇನೆ.