ಭದ್ರಾ ಎಷ್ಟಾತು?

ಆಷಾಢ ಹುಟ್ಟಿದ ಮೇಲೆ ದಾವಣಗೆರೆಯಲ್ಲಿ ಇಬ್ಬರು ಗೆಳೆಯರು ಎದುರಾದರೆ ಊಟ, ಆರೋಗ್ಯ ಎಲ್ಲ ಆಮೇಲೆ. ಮೊದಲ ಮಾತು, ‘ಭದ್ರಾ ಎಷ್ಟಾತು?’ ಉತ್ತರ ಬಾಯಿಗೆ ಬಂದದ್ದಲ್ಲ. ‘163 ಅಡಿ 4 ಇಂಚು. ನಿನ್ನೆಗಿಂತ ಎರಡಡಿ ಜಾಸ್ತಿ ಐತಿ.’

ಭದ್ರಾ ಜಲಾಶಯ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಅದಕ್ಕೆ ಬೇಕಾದ ಮಳೆ ಸುರಿಯುವುದು ಕುದುರೆಮುಖ, ಗಂಗಾಮೂಲದ ಕಡೆಯ ಕಾಡಿನಲ್ಲಿ. ಆ ಹೊತ್ತಿಗೆ ದಾವಣಗೆರೆಯ ನೆತ್ತಿಯ ಮೇಲಿರುವುದು ಗಾಳಿಗೆ ಓಡುವ ಒಣ ಮೋಡ. ಹೀಗೆ ಊರಿಗೆ ಊರೇ ಬೇರೆಯವರ ಆಕಾಶದ ಹವಾಮಾನ ಮಾತಾಡುತ್ತದೆ. ಮಾತಾಡಲಿ, ತಪ್ಪಿಲ್ಲ. ಭತ್ತ, ಅಡಿಕೆ ಎಲ್ಲ ಆ ನೀರಿನ ಮೇಲೆಯೇ ನಿಂತಿವೆ.

ಸೋಜಿಗ ಇರುವುದು ಲೆಕ್ಕದ ಶುದ್ಧಿಯಲ್ಲಿ. ಪೂರ್ಣ ಮಟ್ಟ 186 ಅಡಿ, ಹಿಡಿಯುವುದು 71.5 ಟಿಎಂಸಿ ಎಂಬುದು ಮಿರ್ಚಿ ಕರಿಯುವ ಹುಡುಗನಿಗೂ ಬಾಯಿಪಾಠ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 11,574 ಕ್ಯುಸೆಕ್ ನೀರು 24 ಗಂಟೆ ಹರಿದರೆ ಒಂದು ಟಿಎಂಸಿ. ಹಾಗಾಗಿ ಒಳಹರಿವು 50 ಸಾವಿರ ಅಂದ ಕೂಡಲೇ ಎದುರಿನವನು ಮಂಡಕ್ಕಿ ಮುಕ್ಕುತ್ತಲೇ ಭಾಗಾಕಾರ ಮುಗಿಸುತ್ತಾನೆ: ‘ದಿನಕ್ಕೆ ನಾಕೂ ಕಾಲು ಟಿಎಂಸಿ ಆತು ಬಿಡು.’ ಅಡಿ ಅಡಿಯೂ ಒಂದೇ ಅಲ್ಲ, ತಳದಲ್ಲಿ ಒಂದಡಿ ಏರಿದರೆ ಚೊಂಬು, ಮೇಲೆ ಜಲಾಶಯ ಅಗಲವಾದಂತೆ ಅದೇ ಒಂದಡಿಗೆ ಹಂಡೆ, ಎಂದು ಮೂರನೆಯವನು ತಿದ್ದುತ್ತಾನೆ. ನಾಲ್ಕನೆಯವನು ಇನ್ನೂ ಕಟ್ಟುನಿಟ್ಟು. ತೂಬಿಗಿಂತ ಕೆಳಗೆ ನಿಂತ ನೀರು ನಾಲೆಗೆ ಹತ್ತುವುದಿಲ್ಲ, ಅದು ಡೆಡ್ ಸ್ಟೋರೇಜು, ಅದನ್ನು ಕಳೆದು ಹೇಳು ಎನ್ನುತ್ತಾನೆ.

ಕಳೆದು ಹೇಳುವ ಈ ನಿಯತ್ತು ನೀರಿಗೆ ಮಾತ್ರ. ಮಾತು ಮನೆಯ ಕಡೆ ತಿರುಗಲಿ, ಡೆಡ್ ಸ್ಟೋರೇಜೆಲ್ಲ ಸೇರಿಸಿಯೇ ಲೆಕ್ಕ.

‘ಮನ್ಯಾಗೆಲ್ಲ ಹೆಂಗದಾರಲೇ?’ ‘ಆರಾಮ.’ ಅಪ್ಪನ ಮಂಡಿ ನೋವು, ಸೈಟಿನ ತಕರಾರು, ಮಾತು ಬಿಟ್ಟ ತಮ್ಮ, ಎಲ್ಲವೂ ಈ ಮೂರಕ್ಷರದ ತಳದಲ್ಲಿ ಕೂತಿರುತ್ತವೆ. ‘ಮಗ?’ ‘ಬೆಂಗಳೂರಾಗೆ. ಹನ್ನೆರಡು ಲಕ್ಷ ಪ್ಯಾಕೇಜು.’ ಕೇಳಿದವನು 12ರಿಂದ ಭಾಗಿಸಿ, ತಿಂಗಳಿಗೆ ಲಕ್ಷ ಎಂದು ಮನೆಗೆ ಹೋಗಿ ವರದಿ ಒಪ್ಪಿಸುತ್ತಾನೆ. ಕ್ಯುಸೆಕ್ಕಿಗೆ ತೋರಿದ ಬುದ್ಧಿ ಇಲ್ಲಿ ತೋರಿದ್ದರೆ ಹೀಗಾಗುತ್ತಿತ್ತು. ಮೂಲ ವೇತನ ಅರ್ಧ, ಅಂದರೆ ಆರು ಲಕ್ಷ ಎಂದು ಹಿಡಿಯಿರಿ. ಕಂಪನಿಯ ಪಾಲಿನ ಪಿಎಫ್ ಶೇ 12, ಅಂದರೆ 72 ಸಾವಿರ, ಪ್ಯಾಕೇಜಿನ ಒಳಗೇ ಇದೆ. ಗ್ರಾಚ್ಯುಟಿ ಶೇ 4.81, ಸುಮಾರು 29 ಸಾವಿರ, ಅದೂ ಒಳಗೇ. ‘ವೇರಿಯಬಲ್’, ಅಂದರೆ ಕೆಲಸ ನೋಡಿ ಕೊಡುವ ಪಾಲು, ಹತ್ತನೇ ಒಂದು ಭಾಗವಿದ್ದರೆ 1.2 ಲಕ್ಷ, ಅದು ಸ್ವಾತಿ ಮಳೆ ಇದ್ದಂತೆ, ಬಂದರೆ ಬಂತು. ಇದರ ಮೇಲೆ ಹುಡುಗನ ಪಾಲಿನ ಪಿಎಫ್ ಮತ್ತೆ 72 ಸಾವಿರ, ಜತೆಗೆ ವೃತ್ತಿ ತೆರಿಗೆ. ತೂಬಿನಿಂದ ಹೊರಗೆ ಬೀಳುವುದು ತಿಂಗಳಿಗೆ 75 ಸಾವಿರದ ಆಸುಪಾಸು. ಅದರಲ್ಲಿ ಬಾಡಿಗೆ ಎಷ್ಟು ಎಂದು ಕೇಳುವುದು ಅಸಭ್ಯ. ಹೆಣ್ಣು ಕೊಡುವವರು ಕೇಳಬಹುದು, ಅವರಿಗೂ ಹೇಳುವುದು ಹನ್ನೆರಡೇ.

ಇಷ್ಟರಲ್ಲಿ ಒಗ್ಗರಣೆ ಮಂಡಕ್ಕಿ ಮೆತ್ತಗಾಗಿರುತ್ತದೆ. ಮಿರ್ಚಿ ಮಾತ್ರ ಇನ್ನೂ ಬಿಸಿ, ಆದ್ದರಿಂದ ಖರೀದಿ ವಿಷಯ.

ಮಂಡಿಪೇಟೆ, ಚೌಕಿಪೇಟೆಯಲ್ಲಿ ಆಷಾಢಕ್ಕೆ ಮದುವೆ ಇಲ್ಲ, ಗಿರಾಕಿ ಇಲ್ಲ, ಹಾಗಾಗಿ ಸೇಲು. 8,400ಕ್ಕೆ ಕೊಂಡ ಒಂದು ರೇಷ್ಮೆ ಸೀರೆಗೆ ಕನಿಷ್ಠ ಮೂರು ಬೆಲೆ. ಅತ್ತೆಗೆ ಐದು ಸಾವಿರ. ನಾದಿನಿಗೆ ಹತ್ತೂವರೆ. ಯಜಮಾನರಿಗೆ, ‘ಇದಾ? ಹಳೇದ್ರೀ, ನೀವು ನೋಡಿಲ್ಲ.’ ಯಜಮಾನರೇನು ಕಡಿಮೆಯೇ? ಹೊಸ ಫೋನಿನ ಬೆಲೆ ಕೇಳಿದರೆ ಅವರು ಹೇಳುವುದು ತಿಂಗಳ ಕಂತು, ಎಷ್ಟು ತಿಂಗಳೆಂಬುದು ಬಾಯಿ ಬಿಡದ ರಹಸ್ಯ. ಮೂರೂ ಬೆಲೆ ನೆನಪಿಡುವುದು ಸುಲಭವಲ್ಲ, ಅತ್ತೆ, ನಾದಿನಿ ಒಂದೇ ಮದುವೆ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಾಗ ಕೆಡುತ್ತದೆ. ಸೇಲಿನ ಅಸಲಿಯತ್ತು ಬೇಕಿದ್ದವರು ಬೆಲೆಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಬೇಕು, ಕೆಳಗೊಂದು ಚೀಟಿ ಇದ್ದರೆ ಕಡಿತ ಯಾವುದರಿಂದ ಎಂದು ಕೇಳಬೇಕು. ಎಂಆರ್‌ಪಿ ಎಂದರೆ ತೆರಿಗೆಯೂ ಸೇರಿದ ಬೆಲೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಇದನ್ನು ಯಾರೂ ಕೇಳುವುದಿಲ್ಲ. ಚೀಲಕ್ಕೆ ಹತ್ತು ರೂಪಾಯಿ ಯಾಕೆ ಎಂದು ಮಾತ್ರ ಅರ್ಧ ಗಂಟೆ ಜಗಳ.

ಬಂಗಾರದ ಮಾತಂತೂ ಇನ್ನೂ ಮಜಾ. ‘ಅಜ್ಜಿಗೆ ಹತ್ತು ತೊಲ ಹಾಕಿದ್ರು, ನಾವೂ ಮಗಳಿಗೆ ಹತ್ತೇ ತೊಲ ಹಾಕಿದ್ವಿ’ ಎಂದು ಹೆಮ್ಮೆ. ಅಜ್ಜಿಯ ಕಾಲದ ತೊಲ 11.66 ಗ್ರಾಂ. ಇವತ್ತು ಅಂಗಡಿಯಲ್ಲಿ ತೊಲ ಎಂದರೆ ಸರಿಯಾಗಿ ಹತ್ತು. ಹತ್ತು ತೊಲಕ್ಕೆ ಹದಿನಾರೂವರೆ ಗ್ರಾಂ ಎಲ್ಲಿ ಸೋರಿತು? ಜಲಾಶಯದಲ್ಲಿ ಅರ್ಧ ಅಡಿ ಸೋರಿದ್ದರೆ ರಸ್ತೆ ತಡೆಯೇ ಆಗುತ್ತಿತ್ತು. ಇನ್ನು ಹರಳಿನ ಸರವಾದರೆ ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಹರಳು ಕಳೆದ ನಿವ್ವಳ ತೂಕ ಬೇರೆ. 22 ಕ್ಯಾರೆಟ್ ಎಂದರೆ ನೂರಕ್ಕೆ 91.6 ಭಾಗ ಚಿನ್ನ. ಗೆಳತಿಯರ ಮುಂದೆ ಹೇಳುವುದು ಒಟ್ಟು ತೂಕ. ಮುರಿಸಲು ಹೋದ ದಿನ ಅಕ್ಕಸಾಲಿ ಹೇಳುವುದು ನಿವ್ವಳ. ಆ ದಿನದ ಮುಖ ನೋಡಬೇಕು.

ಪುಸ್ತಕದ ಮಾತು ಬಂದರೆ ಎಲ್ಲರೂ ನೆಟ್ಟಗೆ ಕೂರುತ್ತಾರೆ. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದ ಊರು ಇದು. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಕಟ್ಟಿದ ರಸೀದಿಯೂ ಮನೆಯಲ್ಲಿದೆ. ಸಾಲದ್ದಕ್ಕೆ 2021ರಲ್ಲಿ ಸರ್ಕಾರವೇ, ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದಿತು. ಒಳ್ಳೆಯದೇ. ಆದರೆ ಹಾರ ಮರುದಿನ ಬಾಡುತ್ತಿತ್ತು. ಪುಸ್ತಕ ಬಾಡುವುದಿಲ್ಲ, ಅದಕ್ಕೇ ತಿರುಗುತ್ತದೆ. ನಿವೃತ್ತಿ ಸಮಾರಂಭದಲ್ಲಿ ಬಂದದ್ದು ಗೃಹಪ್ರವೇಶಕ್ಕೆ, ಅಲ್ಲಿಂದ ಸಂಘದ ವಾರ್ಷಿಕೋತ್ಸವಕ್ಕೆ.

ಈ ದಂಧೆಯಲ್ಲಿ ಕೆಡುವುದು ಮೊದಲ ಹಾಳೆ. ಅಲ್ಲಿ ‘ಪ್ರೀತಿಪೂರ್ವಕ’ ಎಂದು ಬರೆದು ಸಹಿ ಹಾಕಿರುತ್ತಾರೆ, ಬ್ಲೇಡು ತಗೊಂಡು ಹಾಳೆ ಕೊಯ್ಯಬೇಕು. ಅಂಟಿನ ಬೈಂಡಿಂಗ್ ಆದರೆ ಪಕ್ಕದ ಹಾಳೆ ಸಡಿಲವಾಗುತ್ತದೆ, ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಕೊಯ್ಯುವುದು ಕ್ಷೇಮ. ಹದಿನಾರು ಪುಟದ ಮಡಿಕೆ ಹಾಕಿ ಹೊಲಿದ ಪುಸ್ತಕವಾದರೆ ಅಪಾಯ ಇನ್ನೂ ಒಳಗಿದೆ: ಮೊದಲ ಹಾಳೆಯ ಜೋಡಿ ಎಂಟನೆಯ ಹಾಳೆ, ಬುಡಕ್ಕೇ ಕೊಯ್ದರೆ 15ನೇ ಪುಟ ಕಳಚಿ ಕೈಗೆ ಬರುತ್ತದೆ. ಹೀಗೆ 15ನೇ ಪುಟವಿಲ್ಲದ ಎಷ್ಟೋ ಪುಸ್ತಕ ಊರಲ್ಲಿ ಓಡಾಡುತ್ತಿರಬಹುದು. ಇದುವರೆಗೆ ಒಂದು ದೂರೂ ಬಂದಿಲ್ಲ. ‘ಓದಿದೆಯೇನಪ್ಪಾ?’ ಎಂದರೆ, ‘ಹ್ಞೂಂ, ಭಾಳ ಚೊಲೋ ಐತಿ.’

ಮಾತು ಮತ್ತೆ ಮಳೆಗೇ ಬರುತ್ತದೆ, ಬರಲೇಬೇಕು. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂದು ಒಬ್ಬ. ಹವಾಮಾನ ಇಲಾಖೆ ಸುಳ್ಳು ಹೇಳಿತು ಎಂದು ಇನ್ನೊಬ್ಬ. ಮುನ್ಸೂಚನೆಯ ‘ಒಂದೆರಡು ಕಡೆ’ ಎಂದರೆ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಎಂದು ಅರ್ಥ. ಮಿಕ್ಕ ಮುಕ್ಕಾಲರಲ್ಲಿ ನಾವು. ಶಿವಮೊಗ್ಗದ ರಜೆ ಆದೇಶದ ಫೋಟೊದಲ್ಲಿ ಜಿಲ್ಲೆಯ ಹೆಸರು ತಿದ್ದಿ ನಮ್ಮ ಮಕ್ಕಳ ಗುಂಪಿಗೆ ಹಾಕುವ ಪುಣ್ಯಾತ್ಮರು ಈ ಮುಕ್ಕಾಲು ಭಾಗದಲ್ಲೇ ಇದ್ದಾರೆ.

ಕೊನೆಗೊಂದು ದಿನ ಮಟ್ಟ 186ರ ಹತ್ತಿರ ಬರುತ್ತದೆ, ಬಾಗಿನ ಬಿಡುತ್ತಾರೆ, ಪಟಾಕಿ ಸಿಡಿಯುತ್ತದೆ. ಬಲದಂಡೆ ನಾಲೆಯಲ್ಲಿ ನೀರು ಹೊರಡುತ್ತದೆ. ದಾರಿಯುದ್ದಕ್ಕೂ ಅಕ್ರಮ ಪಂಪ್‌ಸೆಟ್ಟುಗಳು ಬಾಯಿ ಹಾಕಿ ಕೂತಿರುತ್ತವೆ, ಕೊನೇ ಭಾಗದ ಹೊಲದವನು ಜಲಾಶಯ ತುಂಬಿದ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಾನೆ. ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಮಾತ್ರ ಖುಷಿಗೆ ಕೊರತೆಯಿಲ್ಲ.

‘185 ಅಡಿ 10 ಇಂಚು ಆತಲೇ! ಇವತ್ತು ರಾತ್ರಿ ಗೇಟು ಎತ್ತುತಾರೆ ನೋಡು.’

‘ಅದು ಸರಿ, ನಿಮ್ಮ ಓಣಿಗೆ ನಲ್ಲಿ ನೀರು ಯಾವತ್ತು ಬಿಡ್ತಾರೆ?’

‘ಗೊತ್ತಿಲ್ಲ ಮಾರಾಯ, ಮನ್ಯಾಗೆ ಕೇಳಬೇಕು.’