ಅಜ್ಞಾನಕ್ಕೆ ಶಾಲಾ ದಾಖಲಾತಿ

‘ನಮ್ಮ ಕಾಲದ ಶಾಲೆಗಳಲ್ಲಿ ಇಂಥವರು ಯಾರೂ ಇರಲಿಲ್ಲ’ ಎಂದು ಸಲಿಂಗಕಾಮಿಗಳ ಬಗ್ಗೆ ಬ್ರಿಟನ್ನಿನ ಕೆಲವು ಹಿರಿಯರು ಇಂದಿಗೂ ಹೇಳುವುದುಂಟು. ನಂಬೋಣ, ಯಾರೂ ಕಾಣದಂತೆ ನೋಡಿಕೊಳ್ಳಲು ಅಲ್ಲಿ ಒಂದು ಕಾನೂನೇ ಇತ್ತಲ್ಲ! 1988ರ ಸ್ಥಳೀಯ ಸರ್ಕಾರ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು ಉತ್ತೇಜಿಸುವಂತಿರಲಿಲ್ಲ. ಅಂಥ ‘ತೋರಿಕೆಯ ಕುಟುಂಬ’ವನ್ನು ಒಪ್ಪಬಹುದೆಂಬ ಬೋಧನೆಗೆ ಶಾಲೆಗಳಲ್ಲಿ ಇಂಬು ಕೊಡುವಂತಿರಲಿಲ್ಲ. ಯಾರ ಮನೆಯ ಸಂಸಾರ ಅಸಲಿ, ಯಾರದು ನಕಲಿ ಎಂದು ತೂಕ ಮತ್ತು ಅಳತೆ ಇಲಾಖೆಯಂತೆ ಮುದ್ರೆಯೊತ್ತುವ ಭಾರವನ್ನು ಪಾರ್ಲಿಮೆಂಟೇ ಹೊತ್ತುಕೊಂಡಿತು. ಸಲಿಂಗಕಾಮವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್ ಅನ್ನು ನಮಗೆ ಬಿಟ್ಟುಹೋದವರ ಕೈಗೆ ಈ ಕೆಲಸ ಹೊಸದೇನಲ್ಲ.

ಅದರ ಹಿಂದಿನ ವರ್ಷವಷ್ಟೇ ಕನ್ಸರ್ವೇಟಿವ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಅದೇ ಸರ್ಕಾರ ಏಡ್ಸ್ ಕುರಿತು ‘ಅಜ್ಞಾನದಿಂದ ಸಾಯಬೇಡಿ’ ಎಂಬ ಕರಪತ್ರವನ್ನು ಮನೆಮನೆಗೂ ಹಂಚಿಸಿತ್ತು. ಅಜ್ಞಾನವನ್ನು ಮನೆಯಿಂದ ಹೊರಹಾಕಿಸಿ, ಮರುವರ್ಷವೇ ಅದಕ್ಕೆ ಶಾಲೆಯಲ್ಲಿ ಪ್ರವೇಶ ಕೊಡಿಸಿದ ಈ ದೂರದೃಷ್ಟಿಗೆ ಕೈಮುಗಿಯಬೇಕು.

ಕಾನೂನು ಜಾರಿಗೆ ಬರುವ ಹಿಂದಿನ ಸಂಜೆ, ಮೇ 23ರಂದು, ಕೆಲವು ಮಹಿಳೆಯರು ಬಿಬಿಸಿಯ ಆರು ಗಂಟೆಯ ವಾರ್ತೆಯ ಸ್ಟುಡಿಯೋಗೇ ನುಗ್ಗಿದರು. ಸೂ ಲಾಲಿ ವಾರ್ತೆ ಓದುತ್ತಲೇ ಇದ್ದರು. ಜೊತೆಯ ವಾಚಕ ನಿಕೋಲಸ್ ವಿಚೆಲ್ ಪ್ರತಿಭಟಿಸಲು ಬಂದಿದ್ದ ಮಹಿಳೆಯೊಬ್ಬರ ಮೇಲೆ ಕುಳಿತು ಸದ್ದಡಗಿಸಲು ಹೆಣಗಿದರು. ಕೆಳಗೆ ಒಬ್ಬಾಕೆ ಕೂಗುತ್ತಿರುವಾಗ ಮೇಲೆ ಗಂಭೀರವಾಗಿ ವಾರ್ತೆ ಸಾಗುತ್ತಿತ್ತು. ಆ ಸೆಕ್ಷನ್ನನ್ನು ಇಷ್ಟು ಸರಳವಾಗಿ ಯಾವ ವಕೀಲರೂ ವಿವರಿಸಲಾರರು.

ಇಷ್ಟಾಗಿ, ಈ ಕಲಮಿನಡಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅದು ನೇರವಾಗಿ ಅನ್ವಯಿಸುತ್ತಿದ್ದುದು ಸ್ಥಳೀಯ ಸಂಸ್ಥೆಗಳಿಗೇ ಹೊರತು ಶಿಕ್ಷಕರಿಗಲ್ಲ. ಆದರೆ ಅದನ್ನು ಓದಿ ನೋಡುವ ಗೋಜಿಗೆ ಎಷ್ಟು ಮಂದಿ ಹೋಗಿದ್ದಾರು? ಕೆಲಸ ಹೋದೀತೆಂಬ ಭಯವೇ ಸಂಬಳವಿಲ್ಲದ ಇನ್‌ಸ್ಪೆಕ್ಟರ್ ಆಯಿತು. ಆಟದ ಮೈದಾನದಲ್ಲಿ ಹುಡುಗನೊಬ್ಬನನ್ನು ಬೈದು ಬಡಿಯುತ್ತಿದ್ದವರಿಗೆ ಯಾವ ಸೆಕ್ಷನ್ನೂ ಅಡ್ಡ ಬರಲಿಲ್ಲ. ‘ನಿನ್ನಲ್ಲಿ ತಪ್ಪೇನೂ ಇಲ್ಲ ಮಗು’ ಎನ್ನಬೇಕಿದ್ದ ಮೇಷ್ಟರಿಗೆ ಮಾತ್ರ ನಾಲಗೆ ಏಳಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮಕ್ಕಳನ್ನು ಕಾಪಾಡುತ್ತೇವೆಂದು ಹೊರಟವರು ಏಟು ತಿಂದ ಮಗುವನ್ನೇ ಒಂಟಿ ಮಾಡಿದರು.

ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಸೆಕ್ಷನ್ ರದ್ದಾಯಿತು. 2009ರಲ್ಲಿ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮೆರಾನ್ ಪಕ್ಷದ ಪರವಾಗಿ ಕ್ಷಮೆಯನ್ನೂ ಕೇಳಿದರು. 1988ರಲ್ಲಿ ಐದು ವರ್ಷದವನಾಗಿ ಲಂಡನ್ನಿನ ಶಾಲೆ ಸೇರಿದ ಹುಡುಗ ಅಷ್ಟರಲ್ಲಿ ಓದು ಮುಗಿಸಿ, ಇಪ್ಪತ್ತಾರರ ಗಂಡಸಾಗಿ, ಆ ಸುದ್ದಿಯನ್ನು ಆಫೀಸಿನಲ್ಲಿ ಕುಳಿತು ಓದಿರಬೇಕು.